ಜೋಕರನ ಜನ್ಮವೃತ್ತಾಂತ

ಕ್ರಿ. ಶ. 1940ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯಲ್ಲಿ ಅಮೇರಿಕಾ ದೇಶದ ನ್ಯೂಯಾರ್ಕ್ ಪಟ್ಟಣದಿಂದ 'ಬ್ಯಾಟ್‌ಮನ್' ಎಂಬ ಚಿತ್ರಕಥಾಪತ್ರಿಕೆಯ ಮೊದಲನೆಯ ಸಂಚಿಕೆಯು ಹೊರಬಿದ್ದಿತು. ಇಂಥವುಗಳನ್ನು ಅಲ್ಲಿನ ಜನರು ಕಾಮಿಕ್ ಪುಸ್ತಕಗಳೆಂದು ಕರೆಯುವರು. ಹೆಸರಿನಲ್ಲಿ ಹಾಸ್ಯವಿದ್ದರೂ ಒಳಗೆ ಹಾಸ್ಯವು ಇರಲೇಬೇಕೆಂಬ ನಿಯಮವಿಲ್ಲ. ಚೌಕ ಚೌಕವಾಗಿ ಬರೆದ ಚಿತ್ರಗಳ ಸಾಲು, ಪಾತ್ರಗಳ ಬಾಯಿಂದ ಹೊರಟಂತೆ ತೋರುವ ಗುಳ್ಳೆಗಳೊಳಗೆ ಮಾತು, ಇಷ್ಟೇ ಅವುಗಳ ಲಕ್ಷಣ. ಸಂಚಿಕೆಯ ಬೆಲೆ ಹತ್ತು ಸೆಂಟು. ಹುಡುಗರು ಓದಿ, ಕೈಯಿಂದ ಕೈಗೆ ದಾಟಿಸಿ, ಕೊನೆಗೆ ರದ್ದಿಗೆ ಹಾಕುವುದಕ್ಕೆಂದೇ ಅಗ್ಗದ ಕಾಗದದ ಮೇಲೆ ಅಚ್ಚಾದ ಆ ಪುಸ್ತಕದಲ್ಲಿ ಜೋಕರ್ ಎಂಬ ಖಳನು ಮೊಟ್ಟಮೊದಲು ಕಾಣಿಸಿಕೊಂಡನು. ಎಂಬತ್ತು ವರ್ಷಗಳು ಕಳೆದ ಮೇಲೆಯೂ ಅವನ ಖ್ಯಾತಿಯು ಕುಂದಿಲ್ಲ. ಆದರೆ ಅವನು ಎಲ್ಲಿ ಹುಟ್ಟಿದನು, ಯಾರಿಂದ ಹುಟ್ಟಿದನು ಎಂಬ ಪ್ರಶ್ನೆಗೆ ಮಾತ್ರ ಎಲ್ಲರೂ ಒಪ್ಪುವ ಉತ್ತರವಿಲ್ಲ. ಈ ಪ್ರಶ್ನೆಗೆ ಎರಡು ಮುಖಗಳುಂಟು. ಕಥೆಯೊಳಗಿನ ಜೋಕರನ ಪೂರ್ವವೃತ್ತಾಂತವು ಒಂದು. ಅವನನ್ನು ಕಲ್ಪಿಸಿದ ಮನುಷ್ಯರ ವೃತ್ತಾಂತವು ಇನ್ನೊಂದು. ಮೊದಲನೆಯದನ್ನು ಬೇಕೆಂದೇ ಕತ್ತಲೆಯಲ್ಲಿಟ್ಟರು. ಎರಡನೆಯದು ಬಹುಕಾಲ ಕತ್ತಲೆಯಲ್ಲಿದ್ದುದಕ್ಕೆ ಕಾರಣವು ಬೇರೆ.

ಜೋಕರನ ಎದುರಾಳಿಯಾದ ಬ್ಯಾಟ್‌ಮನ್ನನು ಅವನಿಗಿಂತ ಒಂದು ವರ್ಷ ಹಿರಿಯನು. 1939ರಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' ಪತ್ರಿಕೆಯ 27ನೆಯ ಸಂಚಿಕೆಯಲ್ಲಿ ಅವನ ಅವತಾರವಾಯಿತು. ಹಗಲಿನಲ್ಲಿ ಸಿರಿವಂತ ಗೃಹಸ್ಥ, ರಾತ್ರಿಯಲ್ಲಿ ಬಾವಲಿಯ ವೇಷ ತೊಟ್ಟು ಪಾತಕಿಗಳನ್ನು ಹಿಡಿಯುವ ವೀರ. ಬಾಲ್ಯದಲ್ಲಿ ತಂದೆತಾಯಿಗಳು ಕಳ್ಳನೊಬ್ಬನ ಗುಂಡಿಗೆ ಬಲಿಯಾದುದನ್ನು ಕಣ್ಣಾರೆ ಕಂಡವನಾದ್ದರಿಂದ ಅವನ ಮುಖದಲ್ಲಿ ನಗೆಯೆಂಬುದು ಅಪರೂಪ. ಇಂಥವನಿಗೆ ಸರಿಸಾಟಿಯಾದ ಪ್ರತಿನಾಯಕನು ಬೇಕಾಗಿದ್ದಿತು.

ಜೋಕರನ ಪ್ರಥಮ ಪ್ರವೇಶವು ಹೀಗಿರುವುದು. ಊರಿನ ಜನರು ಮನೆಗಳಲ್ಲಿ ರೇಡಿಯೋ ಕೇಳುತ್ತಿರುವರು. ನಡುವೆ ಯಾವುದೋ ಧ್ವನಿಯು ನುಗ್ಗಿ, ಹೆನ್ರಿ ಕ್ಲಾರಿಜ್ ಎಂಬ ಧನಿಕನು ಈ ರಾತ್ರಿ ಹನ್ನೆರಡು ಹೊಡೆಯುವಾಗ ಸಾಯುವನು, ಅವನ ಮನೆಯ ಪ್ರಸಿದ್ಧವಾದ ವಜ್ರವು ಕಳುವಾಗುವುದು ಎಂದು ಸಾರುವುದು. ಪೋಲೀಸರು ಕ್ಲಾರಿಜನ ಸುತ್ತ ಕೋಟೆಯಂತೆ ನಿಲ್ಲುವರು. ಗಡಿಯಾರವು ಹನ್ನೆರಡು ಹೊಡೆಯುವುದು. ಯಾರೂ ಮುಟ್ಟದೆ ಕ್ಲಾರಿಜನು ಕುಸಿದು ಬೀಳುವನು. ಅವನ ಮುಖದ ಸ್ನಾಯುಗಳು ತಾವಾಗಿಯೇ ಸೆಳೆದುಕೊಂಡು ಹೆಣವು ಹಲ್ಲು ಕಿರಿಯುವುದು. ವಜ್ರವನ್ನು ನೋಡಿದರೆ ಅದು ಗಾಜಿನ ನಕಲು. ಸಂಗತಿಯೇನೆಂದರೆ, ಹಿಂದಿನ ರಾತ್ರಿಯೇ ಖಳನು ಬಂದು, ನಿಜವಾದ ವಜ್ರವನ್ನೊಯ್ದು, ನಿದ್ರಿಸುತ್ತಿದ್ದವನ ದೇಹಕ್ಕೆ ಒಂದು ದಿವಸದ ಮೇಲೆ ಫಲಿಸುವಂಥ ವಿಷವನ್ನು ಚುಚ್ಚಿ ಹೋಗಿದ್ದನು. ಕೆಲಸವೆಲ್ಲ ಮುಗಿದ ಮೇಲೆ, ಇನ್ನು ಮಾಡುವೆನೆಂದು ಸಾರಿದನು. ಸಾಮಾನ್ಯ ಕಳ್ಳನು ಮರೆಯನ್ನು ಬಯಸುವನು. ಈತನಿಗೆ ಬೇಕಾದುದು ಸಭೆ. ಸುಣ್ಣದಂತೆ ಬೆಳ್ಳಗಿರುವ ಮುಖ, ಹಸುರು ಕೂದಲು, ರಕ್ತದಂತೆ ಕೆಂಪಾದ ತುಟಿ, ನೇರಿಳೆ ಬಣ್ಣದ ಉಡುಪು, ಇವೆಲ್ಲವೂ ರಂಗದ ಮೇಲೆ ನಿಲ್ಲುವವನ ಲಕ್ಷಣಗಳೇ ಹೊರತು ಕನ್ನಗಳ್ಳನವಲ್ಲ. ತನ್ನ ಗುರುತಿಗಾಗಿ ಅವನು ಇಸ್ಪೀಟಿನ ಜೋಕರ್ ಎಲೆಯನ್ನು ಬಿಟ್ಟುಹೋಗುವುದುಂಟು. ಕೊಂದವನು ತಾನು ನಗುವುದಲ್ಲದೆ ಸತ್ತವನನ್ನೂ ನಗಿಸಿಯೇ ಬಿಡುವನು. ಮುಂದೆ ಎಷ್ಟು ಜನರು ಅವನ ಕಥೆಯನ್ನು ಬರೆದರೂ ಈ ಮೊದಲನೆಯ ಕಥೆಯ ಭೀಕರತೆಯನ್ನು ಮೀರಿಸಿದವರು ವಿರಳ.

ಅದೇ ಸಂಚಿಕೆಯ ಕೊನೆಯ ಕಥೆಯಲ್ಲಿ ಅವನು ಸಾಯಬೇಕಾಗಿದ್ದಿತು. ಬ್ಯಾಟ್‌ಮನ್ನನೊಡನೆ ಹೋರಾಡುವಾಗ ತನ್ನದೇ ಕಠಾರಿಯು ಎದೆಗೆ ನಾಟಿ ಬೀಳುವನು. ಖಳನು ಪದೇ ಪದೇ ಬಂದರೆ ನಾಯಕನು ಅಸಮರ್ಥನೆಂದು ವಾಚಕರು ಭಾವಿಸುವರೆಂಬುದು ಕಥೆಗಾರನ ಎಣಿಕೆ. ಸಂಪಾದಕನಾದ ವ್ಹಿಟ್ನಿ ಎಲ್ಸ್‌ವರ್ತ್‌ನು ಇದನ್ನೋದಿ ಒಪ್ಪಲಿಲ್ಲ. ಇಂಥ ಪಾತ್ರವನ್ನು ಒಂದೇ ಸಂಚಿಕೆಯಲ್ಲಿ ಕಳೆದುಕೊಳ್ಳುವುದು ಅವಿವೇಕವೆಂದು ಕಂಡಿತು. ಅವಸರದಿಂದ ಕೊನೆಗೊಂದು ಚಿತ್ರವನ್ನು ಸೇರಿಸಿದರು: ಆಸ್ಪತ್ರೆಯ ಗಾಡಿಯಲ್ಲಿ ವೈದ್ಯನು ಆಶ್ಚರ್ಯಪಟ್ಟು, ಇವನಿನ್ನೂ ಜೀವದಿಂದಿದ್ದಾನೆ, ಬದುಕಿಯೇ ಬದುಕುವನು ಎಂದು ಹೇಳುವ ಚಿತ್ರ. ಖಳನ ಚಿರಂಜೀವಿತ್ವವು ಈ ಒಂದು ಚೌಕದಿಂದ ಪ್ರಾಪ್ತವಾಯಿತು.

ಇನ್ನು ಸೃಷ್ಟಿಕರ್ತರ ವಿಚಾರ. ಪತ್ರಿಕೆಯ ಮೇಲೆ ಇದ್ದ ಸಹಿಯು ಒಂದೇ. ಅದು ಬಾಬ್ ಕೇನ್ ಎಂಬ ಚಿತ್ರಗಾರನದು. ಪ್ರಕಾಶಕರೊಡನೆ ಅವನು ಮಾಡಿಕೊಂಡ ಕರಾರಿನ ಪ್ರಕಾರ ಬ್ಯಾಟ್‌ಮನ್ನನ ಸೃಷ್ಟಿಕರ್ತನೆಂಬ ಹೆಸರು ಅವನೊಬ್ಬನಿಗೇ ಸಲ್ಲತಕ್ಕದ್ದು. ವಸ್ತುತಃ ಕಥೆಗಳನ್ನು ಬರೆಯುತ್ತಿದ್ದವನು ಬಿಲ್ ಫಿಂಗರ್. ಅದಕ್ಕೆ ಮುಂಚೆ ಪಾದರಕ್ಷೆಯ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದವನು, ಬಡವ, ಮಹಾ ಓದಾಳಿ. ಮೂರನೆಯವನು ಜೆರ್ರಿ ರಾಬಿನ್ಸನ್. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತ, ಹದಿನೇಳನೆಯ ವಯಸ್ಸಿನಲ್ಲಿ ಕೇನನ ಬಳಿ ಸಹಾಯಕನಾಗಿ ಸೇರಿದ ಹುಡುಗ. ಜೋಕರನ ಜನನದ ವಿಷಯದಲ್ಲಿ ಈ ಮೂವರ ಹೇಳಿಕೆಗಳೂ ಬೇರೆ ಬೇರೆಯಾಗಿರುವುವು.

ರಾಬಿನ್ಸನ್ನನ ಮಾತು ಹೀಗೆ: ಹೊಸ ಪತ್ರಿಕೆಗೆ ಹೆಚ್ಚು ಕಥೆಗಳು ಬೇಕಾದಾಗ ಒಂದನ್ನು ಬರೆಯಲು ತಾನು ಮುಂದೆ ಬಂದೆ, ಉತ್ತಮವಾದ ಪಾತ್ರದಲ್ಲಿ ಯಾವುದಾದರೊಂದು ವಿರೋಧಾಭಾಸವಿರಬೇಕೆಂದು ಯೋಚಿಸಿ ವಿನೋದಶೀಲನಾದ ಖಳನನ್ನು ಊಹಿಸಿದೆ, ಇಸ್ಪೀಟಾಟದಲ್ಲಿ ಪಳಗಿದ ಮನೆತನವಾದ್ದರಿಂದ ಜೋಕರ್ ಎಲೆಯು ಕೂಡಲೇ ಹೊಳೆಯಿತು, ಅದನ್ನು ಬರೆದು ತೋರಿಸಿದೆ. ಕೇನನು ಇದನ್ನು ಅಲ್ಲಗಳೆಯುವನು. ಜೋಕರನು ತನ್ನ ಮತ್ತು ಫಿಂಗರನ ಸೃಷ್ಟಿಯೆಂದೂ, ಹುಡುಗನು ಇಸ್ಪೀಟಿನ ಎಲೆಯನ್ನು ತಂದುದು ಆ ಬಳಿಕವೆಂದೂ ಅವನ ವಾದ. ಫಿಂಗರನ ಹೇಳಿಕೆಯಂತೆ ಕೇನನು ಮೊದಲು ಬರೆದ ಮುಖವು ತೀರ ಕೋಡಂಗಿಯಂತಿದ್ದಿತು; ಅದನ್ನು ಗಂಭೀರಗೊಳಿಸಲು ಫಿಂಗರನು ಒಂದು ಚಲಚ್ಚಿತ್ರದ ಛಾಯಾಚಿತ್ರವನ್ನು ತಂದುಕೊಟ್ಟನು. ಐವತ್ತು ವರ್ಷಗಳಿಗೂ ಮಿಕ್ಕಿ ನಡೆದ ಈ ವ್ಯಾಜ್ಯದಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಆದರೆ ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿಯುವಾಗ ಅವರೆಲ್ಲರೂ ಒಪ್ಪುವ ಅಂಶವನ್ನು ಭದ್ರವಾಗಿ ಹಿಡಿಯಬೇಕು. ಆ ಛಾಯಾಚಿತ್ರವನ್ನು ತಂದವನು ಫಿಂಗರನೇ ಎಂಬುದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ.

ಆ ಚಿತ್ರದಲ್ಲಿದ್ದ ಮುಖವು ಕಾನ್ರಾಡ್ ವೈಟ್ ಎಂಬ ಜರ್ಮನ್ ನಟನದು. 1928ರಲ್ಲಿ ಅಮೇರಿಕದ ಯೂನಿವರ್ಸಲ್ ಸಂಸ್ಥೆಯು, ಪೌಲ್ ಲೆನಿಯ ನಿರ್ದೇಶನದಲ್ಲಿ, 'ನಗುವ ಮನುಷ್ಯ' ಎಂಬರ್ಥದ ಹೆಸರುಳ್ಳ ಮೂಕಚಿತ್ರವನ್ನು ತೆಗೆಯಿತು. ಅದರ ಮೂಲವು ಫ್ರಾನ್ಸಿನ ಮಹಾಕವಿಯಾದ ವಿಕ್ಟರ್ ಹ್ಯೂಗೋ 1869ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ಹ್ಯೂಗೋ ಆಗ ಮೂರನೆಯ ನೆಪೋಲಿಯನ್ನನ ವಿರೋಧಿಯಾಗಿ, ದೇಶಭ್ರಷ್ಟನಾಗಿ, ಗರ್ನ್‌ಸಿ ಎಂಬ ದ್ವೀಪದಲ್ಲಿದ್ದನು. ಜೋಕರನ ವಂಶವನ್ನು ಬಲ್ಲೆವೆನ್ನುವವರು ಈ ಗ್ರಂಥದವರೆಗೂ ಹಿಂದಕ್ಕೆ ಹೋಗಲೇಬೇಕು.

ಕಥೆಯು ಆರಂಭವಾಗುವುದು ಹದಿನೇಳನೆಯ ಶತಮಾನದ ಕೊನೆಯ ಇಂಗ್ಲೆಂಡಿನಲ್ಲಿ. ಮಕ್ಕಳನ್ನು ಕೊಂಡು, ಅಂಗವಿಕೃತಿಗೊಳಿಸಿ, ಶ್ರೀಮಂತರ ವಿನೋದಕ್ಕೂ ಜಾತ್ರೆಯ ಪ್ರದರ್ಶನಕ್ಕೂ ಮಾರುವ ಒಂದು ಕ್ರೂರ ತಂಡವುಂಟು. ತನ್ನನ್ನು ವಿರೋಧಿಸಿದ ಪ್ರಭುವೊಬ್ಬನ ಮಗುವನ್ನು ಎರಡನೆಯ ಜೇಮ್ಸ್ ದೊರೆಯು ಇವರ ವಶಕ್ಕೆ ಕೊಡುವನು. ಅವರು ಆ ಶಿಶುವಿನ ಬಾಯನ್ನು ಕಿವಿಯವರೆಗೂ ಸೀಳಿ, ಸಾಯುವವರೆಗೂ ಅಳಿಸಲಾಗದ ನಗೆಯೊಂದನ್ನು ಮುಖದ ಮೇಲೆ ಕೆತ್ತುವರು. ಗ್ವಿನ್‌ಪ್ಲೇನ್ ಎಂಬ ಹೆಸರಿನ ಆ ಹುಡುಗನನ್ನು ಹಿಮಪಾತದ ರಾತ್ರಿಯಲ್ಲಿ ಕಡಲತೀರದಲ್ಲಿ ಬಿಟ್ಟು ಅವರು ಹಡಗೇರಿ ಹೋಗುವರು. ಹುಡುಗನು ಹಿಮದಲ್ಲಿ ನಡೆಯುತ್ತ, ಸತ್ತ ತಾಯಿಯ ಎದೆಯ ಮೇಲಿದ್ದ ಹೆಣ್ಣು ಕೂಸೊಂದನ್ನು ಕಂಡು, ತಾನೇ ಹಸಿದು ನಡುಗುತ್ತಿದ್ದರೂ ಅದನ್ನೆತ್ತಿಕೊಳ್ಳುವನು. ಊರೂರು ಅಲೆಯುವ ಒಬ್ಬ ವೈದ್ಯನು ಇಬ್ಬರನ್ನೂ ಸಾಕುವನು. ಆ ವೈದ್ಯನ ಹೆಸರು ಉರ್ಸುಸ್, ಅಂದರೆ ಲ್ಯಾಟಿನ್ ಭಾಷೆಯಲ್ಲಿ ಕರಡಿ. ಅವನು ಸಾಕಿದ ತೋಳದ ಹೆಸರು ಹೋಮೋ, ಅಂದರೆ ಮನುಷ್ಯ. ಮನುಷ್ಯರ ವಿಷಯದಲ್ಲಿ ಹ್ಯೂಗೋವಿನ ಅಭಿಪ್ರಾಯವೇನೆಂಬುದು ಈ ಎರಡು ಹೆಸರುಗಳಿಂದಲೇ ತಿಳಿಯುವುದು. ಕೂಸು ಬೆಳೆದು ಡೇಯಾ ಎಂಬ ಕನ್ನಿಕೆಯಾಗುವಳು. ಹುಟ್ಟುಕುರುಡಿಯಲ್ಲದಿದ್ದರೂ ಆ ಹಿಮದಲ್ಲಿ ದೃಷ್ಟಿಯನ್ನು ಕಳೆದುಕೊಂಡವಳು. ಲೋಕವೆಲ್ಲ ಗ್ವಿನ್‌ಪ್ಲೇನನನ್ನು ನೋಡಿ ನಗುತ್ತಿರಲು, ನೋಡಲಾರದ ಅವಳೊಬ್ಬಳೇ ಅವನನ್ನು ಬಲ್ಲಳು.

ಈ ಕಾದಂಬರಿಯ ಪರಮಾವಧಿಯು ಪ್ರಭುಗಳ ಸಭೆಯ ಪ್ರಸಂಗ. ತನ್ನ ಕುಲವು ಬೆಳಕಿಗೆ ಬಂದು ಗ್ವಿನ್‌ಪ್ಲೇನನು ಪ್ರಭುಪದವಿಯನ್ನು ಪಡೆದು ಆ ಸಭೆಯಲ್ಲಿ ನಿಂತು, ಬಡವರ ಹಸಿವನ್ನು ಕುರಿತು ಮಾತನಾಡುವನು. ಆತ್ಮಬಲವೆಲ್ಲವನ್ನೂ ಕೂಡಿಸಿ ಕೆಲವು ಗಳಿಗೆಯ ಮಟ್ಟಿಗೆ ಮುಖದ ನಗೆಯನ್ನು ತಡೆಹಿಡಿಯುವನು. ಆದರೆ ದುಃಖವು ಉಕ್ಕಿದಾಗ ಆ ಬಿಗಿಯು ಸಡಿಲುವುದು. ಸೀಳಿದ ಬಾಯಿ ಮತ್ತೆ ನಗುವುದು. ಸಭೆಯು ಹೊಟ್ಟೆ ಹಿಡಿದು ನಗುವುದು. ಅವನು ಹೇಳಿದ ಒಂದು ಮಾತೂ ಯಾರ ಕಿವಿಗೂ ಸೇರುವುದಿಲ್ಲ. ಕೊನೆಗೆ ಡೇಯಾ ಹಡಗಿನಲ್ಲಿ ಪ್ರಾಣ ಬಿಡುವಳು. ಅವನು ಸಮುದ್ರಕ್ಕೆ ಇಳಿಯುವನು. ಚಲಚ್ಚಿತ್ರದವರು ಪ್ರೇಕ್ಷಕರಿಗಾಗಿ ಇಬ್ಬರನ್ನೂ ಬದುಕಿಸಿ ಮಂಗಳಾಂತ್ಯಗೊಳಿಸಿದರೆಂಬುದು ಬೇರೆ ಮಾತು.

ವೈಟನು ಈ ಪಾತ್ರಕ್ಕಾಗಿ ಬಾಯಲ್ಲಿ ಕೃತಕ ದಂತಪಂಕ್ತಿಯನ್ನೂ, ತುಟಿಯ ಅಂಚುಗಳನ್ನು ಹಿಂದಕ್ಕೆ ಸೆಳೆಯುವ ಕೊಕ್ಕೆಗಳನ್ನೂ ಧರಿಸಿದ್ದನು. ಬಾಯಿ ಹೀಗೆ ಕಟ್ಟಿಹೋದ ಮೇಲೆ ಅಭಿನಯಕ್ಕೆ ಉಳಿದುದು ಕಣ್ಣುಗಳು ಮಾತ್ರ. ಕೆಳಗಿನ ಅರ್ಧ ಮುಖವು ನಗುತ್ತಿರಲು ಮೇಲಿನ ಅರ್ಧ ಮುಖವು ಅಳುವುದು. ಫಿಂಗರನ ಕೈಯಲ್ಲಿದ್ದುದು ಈ ಮುಖ. ಅದರಿಂದ ಅವರು ನಗೆಯನ್ನು ತೆಗೆದುಕೊಂಡು ಕಣ್ಣೀರನ್ನು ಬಿಟ್ಟರು. ಅನ್ಯಾಯಕ್ಕೊಳಗಾದ ಒಬ್ಬ ನಿರಪರಾಧಿಯ ಗಾಯವು ಹೀಗೆ ಒಬ್ಬ ಕೊಲೆಗಾರನ ಮುಖಲಕ್ಷಣವಾಯಿತು. ಇದರಲ್ಲಿ ಅವರ ದುರುದ್ದೇಶವೇನೂ ಇರಲಿಲ್ಲ. ವಾರದೊಳಗೆ ಪುಟಗಳನ್ನು ತುಂಬಿಸಬೇಕಾಗಿದ್ದ ಯುವಕರು ಕಣ್ಣಿಗೆ ಬಿದ್ದ ಬಲವಾದ ಚಿತ್ರವನ್ನು ಹಿಡಿದರು, ಅಷ್ಟೆ. ಆದರೂ ಈಗ ಕೋಟ್ಯಂತರ ಜನರು ಆ ಮುಖವನ್ನು ಕಂಡಾಗ ಜೋಕರನೆನ್ನುವರು. ಗ್ವಿನ್‌ಪ್ಲೇನ್ ಎನ್ನುವವರು ಎಷ್ಟು ಮಂದಿ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ವಿಧವಾಗಿ ವಿಂಗಡಿಸಿ, ಮೊದಲೆರಡು ಉತ್ತಮರಿಗೆ, ಕಡೆಯ ಎರಡು ಅಧಮರಿಗೆ ಎಂದಿರುವನು. ಶೃಂಗಾರದಿಂದ ಹಾಸ್ಯವೂ ಬೀಭತ್ಸದಿಂದ ಭಯಾನಕವೂ ಹುಟ್ಟುವುವೆಂದು ಅವನ ಮತ. ಹಾಸ್ಯದಿಂದಲೇ ಭಯಾನಕವು ಹುಟ್ಟುವ ಬಗೆಯನ್ನು ಅವನು ಹೇಳಿಲ್ಲ. ಜೋಕರನ ಪಾತ್ರದ ಹೊಸತನವಿರುವುದು ಇಲ್ಲಿ. ವಿದೂಷಕನು ತಾನು ನಗೆಗೀಡಾಗಿ ಸಭೆಯನ್ನು ನಗಿಸುವನು. ಈತನು ನಗುತ್ತಿದ್ದಂತೆ ಸಭೆಯ ನಗೆಯು ಗಂಟಲಲ್ಲೇ ನಿಲ್ಲುವುದು.

ಇನ್ನು ಕಥೆಯೊಳಗಿನ ಪೂರ್ವವೃತ್ತಾಂತ. ಭಾರತೀಯ ಪುರಾಣಗಳಲ್ಲಿ ದುಷ್ಟನಿಗೂ ಒಂದು ಜನ್ಮಕಾರಣವಿರುವುದು. ವೈಕುಂಠದ ದ್ವಾರಪಾಲಕರಾದ ಜಯವಿಜಯರು ಶಾಪದಿಂದಲೇ ರಾವಣಕುಂಭಕರ್ಣರಾಗಿಯೂ ಶಿಶುಪಾಲದಂತವಕ್ತ್ರರಾಗಿಯೂ ಬಂದರು. ಬ್ಯಾಟ್‌ಮನ್ನನ ಇತರ ವೈರಿಗಳಲ್ಲಿಯೂ ಇಂಥ ಕಾರಣಗಳುಂಟು. 1942ರಲ್ಲಿ ಬಂದ ಇಮ್ಮೊಗದವನು ಮೊದಲು ಧರ್ಮಿಷ್ಠನಾದ ವಕೀಲನಾಗಿದ್ದು, ನ್ಯಾಯಸ್ಥಾನದಲ್ಲಿ ಪಾತಕಿಯೊಬ್ಬನು ಎರಚಿದ ಆಮ್ಲದಿಂದ ಅರ್ಧ ಮುಖವು ಬೆಂದು ಕೆಟ್ಟವನಾದನು. ಜೋಕರನಿಗಾದರೋ 1940ರಲ್ಲಿ ಹೆಸರಿಲ್ಲ, ಊರಿಲ್ಲ, ಕಾರಣವಿಲ್ಲ. ಹನ್ನೊಂದು ವರ್ಷಗಳ ಮೇಲೆ, 1951ರ ಫೆಬ್ರವರಿಯ 'ಡಿಟೆಕ್ಟಿವ್ ಕಾಮಿಕ್ಸ್' 168ನೆಯ ಸಂಚಿಕೆಯಲ್ಲಿ, ಫಿಂಗರನೇ ಒಂದು ಸಮಾಧಾನವನ್ನು ಹೇಳಿದನು. ಪ್ರಯೋಗಶಾಲೆಯ ನೌಕರನೊಬ್ಬನು ಹತ್ತು ಲಕ್ಷ ಡಾಲರುಗಳನ್ನು ಕದ್ದು ವಿಶ್ರಾಂತನಾಗಬೇಕೆಂದು ಕೆಂಪು ಮುಸುಕನ್ನು ಧರಿಸಿ ಕಳ್ಳತನಕ್ಕಿಳಿದನು. ಬ್ಯಾಟ್‌ಮನ್ನನಿಂದ ತಪ್ಪಿಸಿಕೊಳ್ಳಲು ಇಸ್ಪೀಟಿನ ಎಲೆಗಳನ್ನು ತಯಾರಿಸುವ ಕಾರ್ಖಾನೆಯ ರಾಸಾಯನಿಕದ ಹೊಂಡಕ್ಕೆ ಹಾರಿದನು. ಎದ್ದು ಬಂದಾಗ ಮುಖವು ಬೆಳ್ಳಗೂ ಕೂದಲು ಹಸುರಾಗಿಯೂ ಆಗಿದ್ದುವು. ಇಲ್ಲಿಯೂ ಅವನ ಹೆಸರನ್ನು ಫಿಂಗರನು ಹೇಳಲಿಲ್ಲ. ಬಣ್ಣಕ್ಕೆ ಕಾರಣವು ದೊರೆಯಿತೇ ಹೊರತು ಬುದ್ಧಿಗೆ ದೊರೆಯಲಿಲ್ಲ.

ಈ ನಡುವೆ ಖಳನ ಉಗ್ರತೆಯು ತಗ್ಗುತ್ತ ಬಂದಿದ್ದಿತು. 1942ರ ಒಂದು ಕಥೆಯಲ್ಲಿ ಅವನು ತಾನಾಗಿಯೇ ತಪ್ಪೊಪ್ಪಿಕೊಂಡು ವಿದ್ಯುತ್ತಿನ ಕುರ್ಚಿಯಲ್ಲಿ ಮರಣದಂಡನೆಯನ್ನು ಅನುಭವಿಸಿ, ಸಂಗಡಿಗರಿಂದ ಮರಳಿ ಜೀವ ಪಡೆದು, ಹಳೆಯ ಅಪರಾಧಗಳಿಗೆ ಶಿಕ್ಷೆಯಾಗಿಹೋಯಿತೆಂದು ಬೀದಿಯಲ್ಲಿ ನಿರಾತಂಕವಾಗಿ ತಿರುಗುವನು. ನ್ಯಾಯಶಾಸ್ತ್ರಜ್ಞರು ಯೋಚಿಸಬೇಕಾದ ಚಮತ್ಕಾರವಿದು. ಅಲ್ಲಿಂದ ಮುಂದೆ ಅವನು ಕೊಲೆಗಿಂತ ಕುಚೇಷ್ಟೆಯಲ್ಲಿ ಹೆಚ್ಚು ಆಸಕ್ತನು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು ಕಾಮಿಕ್ ಪುಸ್ತಕಗಳು ಮಕ್ಕಳನ್ನು ಕೆಡಿಸುವುವೆಂದು ಗ್ರಂಥವನ್ನೇ ಬರೆದನು. ಸೆನೆಟ್ಟಿನ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ನಿಬಂಧನೆಗಳನ್ನು ವಿಧಿಸಿಕೊಂಡರು. 1966ರಿಂದ 1968ರವರೆಗೆ ಟೆಲಿವಿಷನ್ನಿನಲ್ಲಿ ಬಂದ ಜೋಕರನು ಶುದ್ಧ ಕೋಡಂಗಿ. ಆ ಪಾತ್ರವನ್ನು ವಹಿಸಿದ ಸೀಜರ್ ರೊಮೇರೊ ತನ್ನ ಮೀಸೆಯನ್ನು ಬೋಳಿಸಲೊಪ್ಪದೆ, ಅದರ ಮೇಲೆಯೇ ಬಿಳಿಯ ಬಣ್ಣವನ್ನು ಬಳಿದುಕೊಂಡು ನಟಿಸಿದನು. ಹತ್ತಿರದಿಂದ ನೋಡಿದರೆ ಮೀಸೆಯು ಕಾಣುವುದು. 1973ರಲ್ಲಿ ಡೆನ್ನಿ ಓನೀಲ್ ಬರೆದು ನೀಲ್ ಆಡಮ್ಸ್ ಚಿತ್ರಿಸಿದ ಕಥೆಯಲ್ಲಿ ಮತ್ತೆ ಹಳೆಯ ಕೊಲೆಗಾರನು ಬಂದನು.

1988ನೆಯ ಇಸವಿಯು ಈ ಇತಿಹಾಸದಲ್ಲಿ ಮುಖ್ಯವಾದುದು. ಆ ವರ್ಷ ಇಂಗ್ಲೆಂಡಿನ ಅಲನ್ ಮೂರ್ ಎಂಬ ಕಥೆಗಾರನು ಬ್ರಯನ್ ಬೊಲ್ಲಂಡನ ಚಿತ್ರಗಳೊಡನೆ 'ದಿ ಕಿಲ್ಲಿಂಗ್ ಜೋಕ್' ಎಂಬ ಕಥೆಯನ್ನು ಪ್ರಕಟಿಸಿದನು. ಅದರಲ್ಲಿ ಜೋಕರನು ಮೊದಲು ಯಾರನ್ನೂ ನಗಿಸಲಾರದ ಬಡ ಹಾಸ್ಯಗಾರ. ಮನೆಯಲ್ಲಿ ಗರ್ಭಿಣಿಯಾದ ಹೆಂಡತಿ. ಹಣಕ್ಕಾಗಿ ಒಂದೇ ಒಂದು ಬಾರಿ ಕಳ್ಳರಿಗೆ ದಾರಿ ತೋರಿಸಲು ಒಪ್ಪಿದ ದಿನವೇ ಹೆಂಡತಿಯು ಅಪಘಾತದಲ್ಲಿ ಸಾಯುವಳು. ಓದುವವನ ಕಣ್ಣು ಒದ್ದೆಯಾಗುವ ಹೊತ್ತಿಗೆ ಜೋಕರನೇ, ತನ್ನ ಗತಜೀವನವು ಒಮ್ಮೆ ಒಂದು ರೀತಿಯಾಗಿ, ಮತ್ತೊಮ್ಮೆ ಇನ್ನೊಂದು ರೀತಿಯಾಗಿ ನೆನಪಾಗುವುದೆಂದು ಹೇಳಿಬಿಡುವನು. ಮೂರನು ಬರೆದುದನ್ನು ತನ್ನ ಕೈಯಿಂದಲೇ ಒರೆಸಿದಂತಾಯಿತು. ಈ ಉಪಾಯವು ಬಹು ಜಾಣತನದ್ದು. ಕಾರಣವನ್ನು ತಿಳಿದ ಕೇಡಿಗೆ ಪರಿಹಾರವನ್ನು ಊಹಿಸಬಹುದು. ಹತ್ತು ಕಾರಣಗಳನ್ನು ಹೇಳಿ ಎಲ್ಲವನ್ನೂ ನಗೆಯಲ್ಲಿ ಹಾರಿಸುವವನನ್ನು ಏನು ಮಾಡುವುದು? 2008ರ ಚಲಚ್ಚಿತ್ರದಲ್ಲಿ ಹೀತ್ ಲೆಜರ್ ನಟಿಸಿದ ಜೋಕರನೂ ತನ್ನ ಬಾಯಿಯ ಗಾಯದ ಕಥೆಯನ್ನು ಒಬ್ಬರೆದುರಿಗೆ ತಂದೆಯ ಕ್ರೌರ್ಯವೆಂದೂ, ಮತ್ತೊಬ್ಬರೆದುರಿಗೆ ಹೆಂಡತಿಗಾಗಿ ತಾನೇ ಮಾಡಿಕೊಂಡದ್ದೆಂದೂ ಹೇಳುವನು. ಆ ಚಿತ್ರವು ತೆರೆಗೆ ಬರುವ ಮುನ್ನವೇ ತೀರಿಕೊಂಡ ಲೆಜರನಿಗೆ ಮರುವರ್ಷ ಆಸ್ಕರ್ ಪಾರಿತೋಷಕವು ಮರಣಾನಂತರ ಸಂದಿತು.

ಅದೇ 1988ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಬಾರದು. ಬ್ಯಾಟ್‌ಮನ್ನನ ಎರಡನೆಯ ಬಾಲಸಹಾಯಕನಾದ ಜೇಸನ್ ಟಾಡ್ ಎಂಬುವನನ್ನು ಜೋಕರನು ಲೋಹದ ಸಲಾಕೆಯಿಂದ ಬಡಿದು, ಸಿಡಿಮದ್ದಿನಿಂದ ಮನೆಯನ್ನು ಹಾರಿಸುವಲ್ಲಿಗೆ ಒಂದು ಸಂಚಿಕೆಯನ್ನು ನಿಲ್ಲಿಸಿ, ಹುಡುಗನು ಬದುಕಬೇಕೇ ಸಾಯಬೇಕೇ ಎಂದು ವಾಚಕರನ್ನೇ ಪ್ರಕಾಶಕರು ಕೇಳಿದರು. ಎರಡು ಟೆಲಿಫೋನ್ ಸಂಖ್ಯೆಗಳು. ಪ್ರತಿ ಕರೆಗೂ ಶುಲ್ಕ. ಸಾಯಲಿ ಎಂದವರ ಕರೆಗಳು 5,343. ಬದುಕಲಿ ಎಂದವರವು 5,271. ಎಪ್ಪತ್ತೆರಡು ಮತಗಳಿಂದ ಹುಡುಗನು ಸತ್ತನು. ಪ್ರಭುಗಳ ಸಭೆಯು ಗ್ವಿನ್‌ಪ್ಲೇನನನ್ನು ನೋಡಿ ನಕ್ಕಾಗ ಅದಕ್ಕೆ ಹಣವನ್ನೇನೂ ತೆತ್ತಿರಲಿಲ್ಲ.

2019ರಲ್ಲಿ ಟಾಡ್ ಫಿಲಿಪ್ಸ್ ನಿರ್ದೇಶಿಸಿದ, ವಾಕೀನ್ ಫೀನಿಕ್ಸನಿಗೆ ಆಸ್ಕರ್ ತಂದುಕೊಟ್ಟ 'ಜೋಕರ್' ಚಿತ್ರದಲ್ಲಿ ಖಳನಿಗೆ ಆರ್ಥರ್ ಫ್ಲೆಕ್ ಎಂಬ ಹೆಸರೂ, ಬಾಲ್ಯದಲ್ಲಿ ಪಟ್ಟ ಹಿಂಸೆಯ ಕಥೆಯೂ, ಅಳಬೇಕಾದಲ್ಲಿ ತಡೆಯಲಾರದೆ ನಗುವ ಒಂದು ರೋಗವೂ ಇರುವುವು. ಇದು ಹೊಸ ಕಲ್ಪನೆಯೆಂದು ಹಲವರು ಹೊಗಳಿದರು, ಹಲವರು ಬೈದರು. ಹ್ಯೂಗೋವಿನ ಗ್ರಂಥವು ಪ್ರಕಟವಾಗಿ ಆಗ ಸರಿಯಾಗಿ 150 ವರ್ಷಗಳಾಗಿದ್ದುವು. ಫಿಂಗರನು ಬಿಟ್ಟಿದ್ದ ಕಣ್ಣೀರನ್ನು ಫಿಲಿಪ್ಸನು ಮರಳಿ ತಂದನೆಂದು ಹೇಳಬಹುದು. ಆದರೆ ಹಿಮದಲ್ಲಿ ಬಿದ್ದ ಕೂಸನ್ನು ಎತ್ತಿಕೊಂಡ ಆ ಹುಡುಗನಲ್ಲಿದ್ದ ಕರುಣೆಯನ್ನು ತರಲಿಲ್ಲ. ಗ್ವಿನ್‌ಪ್ಲೇನನು ಅನ್ಯಾಯವನ್ನುಂಡೂ ಕೆಡಲಿಲ್ಲವೆಂಬುದು ಕಾದಂಬರಿಯ ಜೀವಾಳವಷ್ಟೆ.

ಕಾಗದದ ಖಳನ ವಿಷಯವು ಹೀಗಾದರೆ, ಅವನಿಗೆ ಮಾತು ಕೊಟ್ಟವನ ಗತಿಯು ಏನಾಯಿತು? ಫಿಂಗರನು ಬ್ಯಾಟ್‌ಮನ್ನನ ವೇಷವನ್ನೂ ಊರನ್ನೂ ವೈರಿಗಳನ್ನೂ ರೂಪಿಸಿದವನಾದರೂ ಅವನ ಹೆಸರು ಸೃಷ್ಟಿಕರ್ತನೆಂದು ಎಲ್ಲಿಯೂ ಅಚ್ಚಾಗಲಿಲ್ಲ. 1965ರಲ್ಲಿ ಚಿತ್ರಕಥಾಪ್ರಿಯರ ಸಭೆಯೊಂದರಲ್ಲಿ ಅವನು ತನ್ನ ಪಾತ್ರವನ್ನು ಕುರಿತು ಸ್ವಲ್ಪ ಹೇಳಿದಾಗ ಕೇನನು ಬಹಿರಂಗ ಪತ್ರವನ್ನು ಬರೆದು ಅದನ್ನು ನಿರಾಕರಿಸಿದನು. 1974ರ ಜನವರಿಯಲ್ಲಿ, ಅರವತ್ತು ತುಂಬುವ ಮೊದಲೇ, ಫಿಂಗರನು ತೀರಿಕೊಂಡನು. 1989ರ ತನ್ನ ಆತ್ಮಕಥೆಯಲ್ಲಿ ಕೇನನು ಗೆಳೆಯನಿಗೆ ಸಲ್ಲಬೇಕಾದ ಗೌರವವು ಸಲ್ಲಲಿಲ್ಲವೆಂದು ಒಪ್ಪಿಕೊಂಡನು. ಕೇಳಬೇಕಾದವನು ಆಗ ಇರಲಿಲ್ಲ. 2012ರಲ್ಲಿ ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕನು ಫಿಂಗರನ ಜೀವನವನ್ನು ಶೋಧಿಸಿ ಪುಸ್ತಕ ಬರೆದ ಮೇಲೆ, ಮೊಮ್ಮಗಳೂ ಮುಂದೆ ಬಂದು ಹಕ್ಕನ್ನು ಕೇಳಿದ ಮೇಲೆ, 2015ರಲ್ಲಿ ಪ್ರಕಾಶಕರು ಮಣಿದರು. ಅಂದಿನಿಂದ ಬ್ಯಾಟ್‌ಮನ್ನನು ಬಾಬ್ ಕೇನನಿಂದ, ಬಿಲ್ ಫಿಂಗರನ ಜತೆಗೂಡಿ, ಸೃಷ್ಟಿಯಾದವನೆಂದು ಅಚ್ಚಾಗುತ್ತಿರುವುದು. ಇಬ್ಬರಿಂದ ಎಂದು ಹಾಕಲಿಲ್ಲ. 'ಜತೆಗೂಡಿ' ಎಂದೇ ಹಾಕಿದರು.

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಎಡ್ಗರ್ ಅಲನ್ ಪೋ ಕವಿಯು ವಾಸವಾಗಿದ್ದ ಪುಟ್ಟ ಮನೆಯೊಂದಿರುವುದು, ಸುತ್ತಲೂ ಉದ್ಯಾನವಿರುವುದು. ಆ ಉದ್ಯಾನದ ಬೆಂಚಿನ ಮೇಲೆ ಕುಳಿತು ಕೇನನೂ ಫಿಂಗರನೂ ತಮ್ಮ ಮೊದಲ ಕಥೆಗಳನ್ನು ಕಟ್ಟುತ್ತಿದ್ದರು. 2017ರ ಡಿಸೆಂಬರಿನಲ್ಲಿ ಉದ್ಯಾನದ ಬಳಿಯ ಬೀದಿಯ ಮೂಲೆಗೆ ನಗರದವರು ಬಿಲ್ ಫಿಂಗರನ ಹೆಸರಿನ ಫಲಕವನ್ನು ಹಾಕಿಸಿದರು.